ಮಂಡ್ಯದ ರಾಗಿ ಲಕ್ಷ್ಮಣಯ್ಯ

ಮಳವಳ್ಳಿ ಕಡೆಯ ಯಾವ ಊರಿನ ಜಗಲಿಯ ಮೇಲಾದರೂ ಸರಿ, ಅರವತ್ತು ದಾಟಿದ ರೈತರನ್ನು ಹಳೆಯ ಸುಧಾರಿತ ರಾಗಿಯ ಹೆಸರು ಹೇಳಿ ಎಂದು ಕೇಳಿದರೆ, ಮೊದಲು ಬಾಯಿಗೆ ಬರುವುದು ಇಂಡಾಫ್. ಮದ್ದೂರಿನ ಕಡೆ ಕೇಳಿದರೂ ಅದೇ ಉತ್ತರ, ಮಂಡ್ಯದ ನಾಲೆ ಬಯಲಿನಲ್ಲಿ ಕೇಳಿದರೂ ಅದೇ ಉತ್ತರ. ಆದರೆ ಆ ರಾಗಿಯನ್ನು ಮಾಡಿದವರು ಯಾರು ಎಂದು ಕೇಳಿದರೆ, ಎಲ್ಲೋ ಒಬ್ಬಿಬ್ಬರು ಮಾತ್ರ ವಿ.ಸಿ. ಫಾರಂ ಕಡೆಗೆ ಕೈ ತೋರಿಸಿ ರಾಗಿ ಲಕ್ಷ್ಮಣಯ್ಯನವರ ಹೆಸರು ಹೇಳುತ್ತಾರೆ. ಬೀಜ ಮನೆಮನೆಗೆ ಹೋಯಿತು, ಬೀಜ ಮಾಡಿದವರ ಹೆಸರು ಅಷ್ಟು ದೂರ ಹೋಗಲಿಲ್ಲ. ಬೆಳೆಯ ಹೆಸರನ್ನೇ ತಮ್ಮ ಹೆಸರಿನ ಮುಂದೆ ಸೇರಿಸಿಕೊಂಡ ವಿಜ್ಞಾನಿಗಳು ನಮ್ಮ ನಾಡಿನಲ್ಲಿ ಹೆಚ್ಚು ಮಂದಿ ಇಲ್ಲ. ಇವರಿಗೆ ಆ ಹೆಸರನ್ನು ಕೊಟ್ಟವರು ಜನರೇ.

ಲಕ್ಷ್ಮಣಯ್ಯನವರು ಹುಟ್ಟಿದ್ದು 1921ರಲ್ಲಿ, ಮೈಸೂರು ಸೀಮೆಯ ಹಾರೋಹಳ್ಳಿಯಲ್ಲಿ. ಪೂರ್ಣ ಹೆಸರು ಸಿ.ಎಚ್. ಲಕ್ಷ್ಮಣಯ್ಯ. ಅವರು ಹುಟ್ಟಿದ ಕಾಲದಲ್ಲಿ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಊಟವೆಂದರೆ ರಾಗಿಯೇ. ಅನ್ನ ಹಬ್ಬಕ್ಕೆ, ನೆಂಟರಿಗೆ ಮತ್ತು ಬಾಣಂತಿಗೆ. ದುಡಿಯುವವನಿಗೆ ಹೊತ್ತಿಗೆ ಎರಡು ಹಿಟ್ಟು, ಉಪ್ಸಾರು, ಬೆಳಗಿನ ಹೊತ್ತು ಅಂಬಲಿ. ಆ ಹಿಟ್ಟು ಸಾಲುವುದೂ ಬಿಡುವುದೂ ಮಳೆಯ ಕೈಯಲ್ಲಿತ್ತು. ಖುಷ್ಕಿ ಹೊಲದಲ್ಲಿ ಎಕರೆಗೆ ಮೂರು ನಾಲ್ಕು ಕ್ವಿಂಟಲ್ ಬಂದರೆ ಅದು ಒಳ್ಳೆಯ ವರ್ಷ. ಮಳೆ ಕೈಕೊಟ್ಟರೆ ಹಗೇವಿನ ತಳ ಕಾಣಿಸುತ್ತಿತ್ತು, ಸಾಹುಕಾರನ ಮನೆಯ ದಾರಿಯೂ ಕಾಣಿಸುತ್ತಿತ್ತು.

ರಾಗಿಗೆ ಅಭಿಮಾನಿಗಳು ಇಲ್ಲದೆ ಇರಲಿಲ್ಲ. ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸಿ, ಕೊನೆಗೆ ಕೆಡದೆ ಉಳಿದ ರಾಗಿಗೆ ಗೆಲುವು ಕೊಟ್ಟರು. ಕಾಳು ಕೆಡದೆ ಇರುವ ಗುಣವನ್ನು ಕವಿಯೂ ಬಲ್ಲ, ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ತುಂಬಿಟ್ಟ ರೈತನೂ ಬಲ್ಲ. ಆದರೆ ಇಳುವರಿಯ ಮಾತು ಬಂದಾಗ ರಾಗಿ ಬಡವರ ಬೆಳೆಯಾಗಿಯೇ ಉಳಿದಿತ್ತು. ನೀರು ಭತ್ತಕ್ಕೆ ಮತ್ತು ಕಬ್ಬಿಗೆ, ಗೊಬ್ಬರವೂ ಅವಕ್ಕೇ. ರಾಗಿಗೆ ಉಳಿದದ್ದು ಕಲ್ಲು ಹೊಲ.

ನಾಲೆ ಬಂದ ಮೇಲೆ ಹುಟ್ಟಿದ ಫಾರಂ

ಕೃಷ್ಣರಾಜಸಾಗರದಿಂದ ಹೊರಟ ಇರ್ವಿನ್ ನಾಲೆ ಹುಲಿಕೆರೆಯ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಹರಿದದ್ದು 1930ರ ದಶಕದಲ್ಲಿ. ಮುಂದೆ ಆ ನಾಲೆಗೆ ವಿಶ್ವೇಶ್ವರಯ್ಯನವರ ಹೆಸರು ಬಂತು. ಅಲ್ಲಿಯವರೆಗೆ ಮಳೆಯನ್ನೇ ನಂಬಿದ್ದ ಜಮೀನಿಗೆ ಒಮ್ಮೆಲೇ ನೀರು ಬಂದಾಗ ಏನು ಬೆಳೆಯಬೇಕು, ಎಷ್ಟು ನೀರು ಕೊಡಬೇಕು, ಯಾವ ಬೆಳೆಯ ಹಿಂದೆ ಯಾವ ಬೆಳೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಆಗ ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದವರು ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್. ಅವರ ಕಾಲದಲ್ಲಿ ಮಂಡ್ಯದ ಬಳಿ ನಾಲೆಯ ಅಂಚಿನಲ್ಲಿ ಪ್ರಯೋಗದ ಫಾರಂ ಎದ್ದಿತು. ಅದೇ ಇಂದಿನ ವಿ.ಸಿ. ಫಾರಂ. ಸಕ್ಕರೆ ಕಾರ್ಖಾನೆ ಬಂದದ್ದೂ ಅದೇ ದಶಕದಲ್ಲಿ, ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ.

ಕಬ್ಬಿಗೂ ಭತ್ತಕ್ಕೂ ಹೆಸರಾದ ಈ ಫಾರಂನಲ್ಲಿ ಲಕ್ಷ್ಮಣಯ್ಯನವರು ಆರಿಸಿಕೊಂಡದ್ದು ರಾಗಿಯನ್ನು. ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ನೀರಾವರಿಯ ನಡುವೆ ಕುಳಿತು ಖುಷ್ಕಿಯವರ ಬೆಳೆಯ ಮೇಲೆ ಕೆಲಸ ಮಾಡುವುದು ಆ ದಿನಗಳಲ್ಲಿ ಹೆಸರು ತರುವ ದಾರಿ ಆಗಿರಲಿಲ್ಲ. ಆದರೆ ನಾಲೆಯ ನೀರಿನಿಂದ ಒಂದು ದೊಡ್ಡ ಅನುಕೂಲವಿತ್ತು. ಮಳೆಗಾಲದ ಬೆಳೆ ಕೊಯ್ದ ಮೇಲೆ ಬೇಸಿಗೆಯಲ್ಲಿಯೂ ರಾಗಿ ನಾಟಿ ಮಾಡಬಹುದು. ವರ್ಷಕ್ಕೆ ಒಂದು ಪೀಳಿಗೆ ನೋಡುವ ಜಾಗದಲ್ಲಿ ಎರಡು ಪೀಳಿಗೆ ನೋಡಬಹುದು. ತಳಿ ಮಾಡುವವನಿಗೆ ಇದಕ್ಕಿಂತ ದೊಡ್ಡ ವರ ಬೇರೆ ಇಲ್ಲ.

ಚಿಮಟಕ್ಕೆ ಸಿಗದ ಹೂವು

ಅದುವರೆಗೆ ರಾಗಿಯಲ್ಲಿ ಸುಧಾರಣೆ ಎಂದರೆ ಆಯ್ಕೆ. ಊರಿನ ಹೊಲಗಳಲ್ಲಿ ಇರುವ ಬಗೆಬಗೆಯ ರಾಗಿಯಲ್ಲಿ ಒಳ್ಳೆಯ ತೆನೆ ಕಂಡಲ್ಲಿ ಅದನ್ನು ಕಿತ್ತು ತಂದು, ಬೇರೆಯಾಗಿ ಬಿತ್ತಿ, ಚೆನ್ನಾಗಿ ಬಂದದ್ದನ್ನು ಉಳಿಸಿಕೊಳ್ಳುವುದು. ಹೆಬ್ಬಾಳದ ಎಚ್-22 ಇಂಥ ಆಯ್ಕೆಯಿಂದ ಬಂದ ತಳಿ. ಬುದ್ಧಿವಂತ ರೈತ ತನ್ನ ಕಣದಲ್ಲಿ ತಲೆತಲಾಂತರದಿಂದ ಮಾಡುತ್ತ ಬಂದ ಕೆಲಸವನ್ನೇ ಇಲಾಖೆ ಲೆಕ್ಕವಿಟ್ಟು ಮಾಡಿತು ಎನ್ನಬಹುದು. ಆದರೆ ಆಯ್ಕೆಗೆ ಒಂದು ಎಲ್ಲೆ ಇದೆ. ಹೊಲದಲ್ಲಿ ಇಲ್ಲದ ಗುಣವನ್ನು ಆಯ್ದು ತೆಗೆಯಲು ಬರುವುದಿಲ್ಲ. ಒಂದು ತಳಿಯ ದೊಡ್ಡ ತೆನೆ, ಇನ್ನೊಂದರ ಗಟ್ಟಿ ಕಡ್ಡಿ, ಮತ್ತೊಂದರ ಬೇಗ ಮಾಗುವ ಗುಣ, ಇವು ಒಂದೇ ಗಿಡದಲ್ಲಿ ಬೇಕಾದರೆ ಎರಡನ್ನು ಕೂಡಿಸಲೇಬೇಕು. ಅದೇ ಸಂಕರಣ.

ಜೋಳದಲ್ಲಿ, ಹತ್ತಿಯಲ್ಲಿ ಸಂಕರಣ ಮಾಡುವುದು ಕೈಗೆ ಸಿಗುವ ಕೆಲಸ. ಹೂವು ಕಣ್ಣಿಗೆ ಕಾಣಿಸುತ್ತದೆ. ರಾಗಿಯ ಹೂವನ್ನು ನೋಡಿದ್ದೇನೆ ಎಂದು ಹೇಳುವ ರೈತರು ಎಷ್ಟು ಮಂದಿ ಸಿಕ್ಕಾರು? ತೆನೆಯ ಒಂದೊಂದು ಬೆರಳಿನಲ್ಲಿ ಹತ್ತಾರು ಗೊಂಚಲು, ಒಂದೊಂದು ಗೊಂಚಲಿನಲ್ಲಿ ನಾಲ್ಕಾರು ಹೂವು. ಹೂವಿನೊಳಗೆ ಮೂರು ಗಂಡು ಕೇಸರ, ಗರಿಯಂಥ ಎರಡು ಹೆಣ್ಣು ತುದಿ. ಎಲ್ಲವೂ ರಾಗಿ ಕಾಳಿಗಿಂತ ಚಿಕ್ಕದು. ಒಂದು ಕಿಲೋ ರಾಗಿಯಲ್ಲಿ ಮೂರು ಮೂರೂವರೆ ಲಕ್ಷ ಕಾಳು ಇರುತ್ತದೆ ಎಂದರೆ ಹೂವಿನ ಗಾತ್ರವನ್ನು ಓದುಗರೇ ಊಹಿಸಿಕೊಳ್ಳಬಹುದು.

ಇದು ಸಾಲದೆಂಬಂತೆ ರಾಗಿ ಹೂ ಬಿಡುವುದು ನಟ್ಟಿರುಳು ಕಳೆದ ಮೇಲೆ, ಬೆಳಗಿನ ಜಾವಕ್ಕೆ ಮುಂಚೆ. ಒಂದು ಗಂಟೆಯಿಂದ ಐದು ಗಂಟೆಯೊಳಗೆ ಎಲ್ಲ ಮುಗಿದುಹೋಗುತ್ತದೆ. ತೆನೆಯ ತುದಿಯಿಂದ ಹೂ ಬಿಡಲು ಆರಂಭವಾಗಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಕೆಳಗೆ ಇಳಿಯುತ್ತದೆ. ಇಡೀ ತೆನೆ ಹೂವಾಗಲು ಒಂದು ವಾರ ಹಿಡಿಯುತ್ತದೆ. ಹೂ ಬಾಯಿ ತೆರೆಯುವ ಹೊತ್ತಿಗೆ ಅದರದೇ ಪರಾಗ ಅದರದೇ ಹೆಣ್ಣು ಭಾಗಕ್ಕೆ ಬಿದ್ದಿರುತ್ತದೆ. ಹೊರಗಿನ ಗಾಳಿಗೂ ನೊಣಕ್ಕೂ ಅಲ್ಲಿ ಕೆಲಸವಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಕಾಳು ತನ್ನಿಂದ ತಾನೇ ಕಟ್ಟಿದ್ದು. ಆದ್ದರಿಂದಲೇ ನಮ್ಮ ಮನೆಯ ರಾಗಿ ಬೀಜ ಪಕ್ಕದ ಹೊಲದ ರಾಗಿಯೊಂದಿಗೆ ಬೆರಕೆಯಾಗದೆ ಎಷ್ಟೋ ವರ್ಷ ನಡೆಯುತ್ತದೆ. ರೈತನಿಗೆ ಇದು ಲಾಭ, ಸಂಕರಣಕ್ಕೆ ಹೊರಟವನಿಗೆ ಇದೇ ತಡೆಗೋಡೆ.

ಈ ಗೋಡೆ ದಾಟಲು ಎರಡು ಮೂರು ಉಪಾಯಗಳು ಬಳಕೆಗೆ ಬಂದವು. ಕೊಯಮತ್ತೂರಿನಲ್ಲಿ ಕೆಲಸ ಮಾಡುತ್ತಿದ್ದ ರಂಗಸ್ವಾಮಿ ಅಯ್ಯಂಗಾರ್ಯರು 1930ರ ದಶಕದಲ್ಲಿ ತೋರಿಸಿದ ದಾರಿ ಬಲು ಸರಳ. ಹೂವಿಗೆ ಬರುವ ಎರಡು ಬೇರೆ ಬೇರೆ ತಳಿಯ ತೆನೆಗಳನ್ನು ಒಂದಕ್ಕೊಂದು ಒತ್ತಿ ಕಟ್ಟಿಬಿಡುವುದು. ಸಾವಿರದಲ್ಲಿ ಎಲ್ಲೋ ಕೆಲವು ಹೂವಿಗೆ ಪಕ್ಕದ ತೆನೆಯ ಪರಾಗ ತಾಗುತ್ತದೆ. ಇನ್ನೊಂದು ದಾರಿ, ತೆನೆಯನ್ನು ಐವತ್ತು ಡಿಗ್ರಿಯ ಆಸುಪಾಸಿನ ಬಿಸಿ ನೀರಿನಲ್ಲಿ ಕೆಲವೇ ನಿಮಿಷ ಅದ್ದುವುದು. ಬಿಸಿಗೆ ಗಂಡು ಭಾಗ ಸಾಯುತ್ತದೆ, ಹೆಣ್ಣು ಭಾಗ ಉಳಿಯುತ್ತದೆ. ಬಿಸಿ ಸ್ವಲ್ಪ ಹೆಚ್ಚಾದರೆ ಎರಡೂ ಹೋಯಿತು, ಕಡಿಮೆಯಾದರೆ ಕೆಲಸ ಕೆಟ್ಟಿತು.

ಹೀಗೆ ಕಟ್ಟಿದ ತೆನೆಯ ಕಾಳನ್ನು ಬಿತ್ತಿದಾಗ ಸಾವಿರ ಪೈರಿನಲ್ಲಿ ಸಂಕರ ಯಾವುದು, ತಾಯಿಯ ಹಾಗೆಯೇ ಇರುವುದು ಯಾವುದು ಎಂದು ತಿಳಿಯಬೇಕಲ್ಲ? ಅದಕ್ಕೆ ಬಣ್ಣದ ಗುರುತು. ಕೆಲವು ರಾಗಿಯ ಗೆಣ್ಣು ನೇರಳೆ, ಕೆಲವದ್ದು ಹಸಿರು. ಹಸಿರು ಗೆಣ್ಣಿನ ತಳಿಯನ್ನು ತಾಯಿಯಾಗಿಯೂ ನೇರಳೆಯದನ್ನು ತಂದೆಯಾಗಿಯೂ ಇಟ್ಟರೆ, ಹುಟ್ಟಿದ ಪೈರಿನಲ್ಲಿ ನೇರಳೆ ಗೆಣ್ಣು ಕಂಡದ್ದೇ ಸಂಕರ. ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನೋಡುತ್ತ ಹೋಗುವುದು, ನೇರಳೆ ಕಂಡಲ್ಲಿ ಕಡ್ಡಿ ನೆಡುವುದು. ಅಲ್ಲಿಂದ ಮುಂದೆ ಆರೇಳು ಪೀಳಿಗೆ ಆಯ್ಕೆ ನಡೆಯಬೇಕು. ಆಮೇಲೆ ಹಲವು ಊರುಗಳಲ್ಲಿ ಪರೀಕ್ಷೆ. ಇಂದು ಕಟ್ಟಿದ ತೆನೆ ರೈತನ ಕೂರಿಗೆಗೆ ಬರಲು ಹತ್ತು ವರ್ಷ ಹಿಡಿದರೂ ಅದು ತಡವೇನಲ್ಲ.

ಅರುಣೋದಯ

ಲಕ್ಷ್ಮಣಯ್ಯನವರ ಮೊದಲ ಸುತ್ತಿನ ಕೆಲಸ 1951ರಿಂದ 1964ರವರೆಗೆ ನಡೆಯಿತು. ಈ ಅವಧಿಯಲ್ಲಿ ಆರು ತಳಿಗಳು ಹೊರಬಂದವು: ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ. ಈ ತಳಿಗಳ ಹೆಸರುಗಳಲ್ಲೇ ಒಂದು ಕ್ರಮ ಕಾಣಿಸುತ್ತದೆ. ಮೊದಲು ಬೆಳಗಾಗುತ್ತದೆ, ಆಮೇಲೆ ಮಡಕೆ ತುಂಬುತ್ತದೆ, ನಾಲೆಯ ತಾಯಿಯ ಹೆಸರು ಬರುತ್ತದೆ, ಕೊನೆಗೆ ಉಂಡವನಿಗೆ ಬಲ ಬರುತ್ತದೆ. ಅಂಕಿಯ ಹೆಸರುಗಳಿಗಿಂತ ಇವು ರೈತರ ಬಾಯಲ್ಲಿ ಬೇಗ ಕುಳಿತವು.

1960ರ ದಶಕದ ನಡುವೆ ಎರಡು ಸಂಗತಿಗಳು ನಡೆದವು. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಆರಂಭವಾಗಿ, ಇಲಾಖೆಯ ಸಂಶೋಧನಾ ಕೇಂದ್ರಗಳ ಜೊತೆಗೆ ವಿ.ಸಿ. ಫಾರಂ ಕೂಡ ಅದರ ಆಡಳಿತಕ್ಕೆ ಬಂತು. ಅದೇ ಹೊತ್ತಿಗೆ, 1965 ಮತ್ತು 66ರಲ್ಲಿ, ದೇಶಕ್ಕೆ ಬರ ಬಡಿಯಿತು. ಹಡಗಿನಲ್ಲಿ ಬಂದ ಅಮೆರಿಕದ ಗೋಧಿಗಾಗಿ ಪಡಿತರದ ಅಂಗಡಿಯ ಮುಂದೆ ಸಾಲು ನಿಂತವರು ಇಂದಿಗೂ ಇದ್ದಾರೆ. ಚಪಾತಿ ಲಟ್ಟಿಸಲು ಬಾರದ ಮನೆಗಳಲ್ಲಿ ಆ ಗೋಧಿಯ ಹಿಟ್ಟಿನಿಂದಲೂ ಮುದ್ದೆಯನ್ನೇ ಕಟ್ಟಿದರು. ಆ ಕೊರತೆಯ ನಂತರ ಬಂದ ಹಸಿರು ಕ್ರಾಂತಿಯಲ್ಲಿ ಗೋಧಿಗೆ ಮೆಕ್ಸಿಕೋದ ಗಿಡ್ಡ ತಳಿ ಬಂತು, ಭತ್ತಕ್ಕೆ ಫಿಲಿಪೈನ್ಸಿನ ತಳಿ ಬಂತು. ರಾಗಿಗೆ ಹೊರಗಿನಿಂದ ತಳಿ ಮಾಡಿಕೊಡುವ ದೊಡ್ಡ ಸಂಸ್ಥೆ ಯಾವುದೂ ಇರಲಿಲ್ಲ. ರಾಗಿ ತಿನ್ನುವವರೇ ಮಾಡಿಕೊಳ್ಳಬೇಕಿತ್ತು.

ಆಫ್ರಿಕದ ರಾಗಿಯೊಂದಿಗೆ ಬೀಗತನ

ರಾಗಿ ನಮ್ಮದೇ ಎಂದು ನಾವು ತಿಳಿದಿದ್ದೇವೆ. ಆದರೆ ಅದರ ತವರು ಪೂರ್ವ ಆಫ್ರಿಕದ ಎತ್ತರದ ನಾಡು, ಇಥಿಯೋಪಿಯ, ಉಗಾಂಡದ ಕಡೆ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಸಮುದ್ರದ ಈಚೆ ಬಂದು ನಮ್ಮ ನೆಲದಲ್ಲಿ ಬೇರು ಬಿಟ್ಟಿತು. ಬಂದ ಮೇಲೆ ಎರಡೂ ಕಡೆಯ ರಾಗಿ ಬೇರೆ ಬೇರೆ ದಾರಿ ಹಿಡಿದವು. ಇಲ್ಲಿನದು ಬೇಗ ಮಾಗುತ್ತದೆ, ಹೆಚ್ಚು ತೆಂಡೆ ಹೊಡೆಯುತ್ತದೆ. ಆದರೆ ಕಡ್ಡಿ ತೆಳು, ಗೊಬ್ಬರ ಜಾಸ್ತಿಯಾದರೆ ಮಲಗುತ್ತದೆ. ಅಲ್ಲಿನದು ದಪ್ಪ ಕಡ್ಡಿ, ಅಗಲವಾದ ಎಲೆ, ಭಾರವಾದ ತೆನೆ. ಬೆಂಕಿ ರೋಗವನ್ನು ತಡೆದುಕೊಳ್ಳುವ ಶಕ್ತಿಯೂ ಅಲ್ಲಿನ ಕೆಲವು ರಾಗಿಗಳಲ್ಲಿ ಹೆಚ್ಚು. ಆದರೆ ನಮ್ಮ ಮಳೆಗೆ ಅದು ನಿಧಾನ, ತೆಂಡೆಯೂ ಕಡಿಮೆ.

ಲಕ್ಷ್ಮಣಯ್ಯನವರು ಕೂಡಿಸಿದ್ದು ಈ ಎರಡನ್ನು. ಇದು ಆಗುವ ಮಾತೇ ಎಂಬ ಸಂದೇಹಕ್ಕೆ ಪ್ರಕೃತಿಯೇ ಉತ್ತರ ಇಟ್ಟಿತ್ತು. ನಮ್ಮ ರಾಗಿಯ ಜೀವಕೋಶದಲ್ಲೂ ಆಫ್ರಿಕದ ರಾಗಿಯ ಜೀವಕೋಶದಲ್ಲೂ ವರ್ಣತಂತುಗಳು 36. ಲೆಕ್ಕ ಸರಿಯಾಗಿ ಕೂಡುವುದರಿಂದ ಹುಟ್ಟಿದ ಸಂಕರ ಬಂಜೆಯಾಗದೆ ಕಾಳು ಕಟ್ಟುತ್ತದೆ. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆಗೆ ಮರಿಯಾಗದು, ಇಲ್ಲಿ ಆ ತೊಂದರೆ ಇಲ್ಲ. ಅಗಲಿದ ಅಣ್ಣತಮ್ಮಂದಿರ ಮಕ್ಕಳು ಮತ್ತೆ ಒಂದೇ ಮನೆಯಲ್ಲಿ ಸೇರಿದ ಹಾಗೆ.

ಹೀಗೆ ಹುಟ್ಟಿದ ಸಾಲಿಗೆ ಇಂಡಿಯಾದ ಇಂಡ್ ಮತ್ತು ಆಫ್ರಿಕದ ಆಫ್ ಸೇರಿಸಿ ಇಂಡಾಫ್ ಎಂಬ ಹೆಸರಾಯಿತು. 1970ರ ದಶಕದಿಂದ ಇಂಡಾಫ್-1, 3, 5, 7, 8, 9 ಎಂದು ಸಾಲುಸಾಲಾಗಿ ತಳಿಗಳು ರೈತರ ಕೈಗೆ ಬಂದವು. ಇವುಗಳ ವಂಶಾವಳಿ ನೋಡಿದರೆ ನಮ್ಮ ಕಡೆಯ ಹಳೆಯ ನೆಂಟರು ಸಿಗುತ್ತಾರೆ. ಇಂಡಾಫ್-5ರ ಒಂದು ಕಡೆ ಇವರದೇ ಕಾವೇರಿ, ಇನ್ನೊಂದು ಕಡೆ ಆಫ್ರಿಕದ ಬೀಜ. ಇಂಡಾಫ್-7ರಲ್ಲಿ ಅನ್ನಪೂರ್ಣ ಇದೆ. ಇಂಡಾಫ್-8ರಲ್ಲಿ ಇರುವುದು ಹಳ್ಳಿಯ ಹಿರಿಯರು ಬಲ್ಲ ಹುಲ್ಲುಬಿಳಿ ರಾಗಿ. ಮೊದಲ ಸುತ್ತಿನ ಹದಿಮೂರು ವರ್ಷಗಳ ದುಡಿಮೆ ವ್ಯರ್ಥವಾಗಲಿಲ್ಲ. ಕಾವೇರಿ, ಅನ್ನಪೂರ್ಣ ತಾವು ಹೊಲ ಬಿಟ್ಟ ಮೇಲೂ ಮಕ್ಕಳಲ್ಲಿ ಉಳಿದರು.

ಎಲ್ಲ ತಳಿಯೂ ಎಲ್ಲ ಕಾಲಕ್ಕಲ್ಲ ಎಂಬುದನ್ನು ಲಕ್ಷ್ಮಣಯ್ಯನವರ ಸಾಲು ರೈತರಿಗೆ ಚೆನ್ನಾಗಿ ಕಲಿಸಿತು. ನಾಲ್ಕು ತಿಂಗಳ ಇಂಡಾಫ್-8 ಮುಂಗಾರಿನ ಹೈನು ಬೆಳೆಗೆ. ಮೂರೂವರೆ ತಿಂಗಳಿನ ಇಂಡಾಫ್-5 ಮಳೆ ತಡವಾದಾಗ, ಮತ್ತು ಭತ್ತ ಅಥವಾ ಕಬ್ಬು ತೆಗೆದ ಗದ್ದೆಯ ಬೇಸಿಗೆಗೆ. ಚಳಿಯಲ್ಲಿ ರಾಗಿ ಮಂಕಾಗುವ ಹಿಂಗಾರಿಗೆ ಇಂಡಾಫ್-7. ಅವಸರದ ಬೆಳೆಗೆ ಇಂಡಾಫ್-9. ಮಳವಳ್ಳಿಯ ಒಣ ಹೊಲದವನಿಗೂ ಮದ್ದೂರಿನ ಶಿಂಷಾ ದಂಡೆಯವನಿಗೂ ಮಂಡ್ಯದ ನಾಲೆಯವನಿಗೂ ಬೇರೆ ಬೇರೆ ಬೀಜ ಒಂದೇ ಫಾರಂನಿಂದ ಸಿಕ್ಕಿತು. ನೀರು, ಗೊಬ್ಬರ ಕೊಟ್ಟು ನಾಟಿ ಮಾಡಿದ ಗದ್ದೆಯಲ್ಲಿ ಎಕರೆಗೆ ಹದಿನೈದು ಕ್ವಿಂಟಲ್ ರಾಗಿ ಕಂಡವರು, ಹಿಂದಿನ ಮೂರು ನಾಲ್ಕು ಕ್ವಿಂಟಲನ್ನೂ ಕಂಡವರು. ಅವರಿಗೆ ಅಂಕಿಅಂಶದ ಪಟ್ಟಿ ಬೇಕಾಗಲಿಲ್ಲ. ಬೀಜ ಕಂಪನಿಯ ಜಾಹೀರಾತೂ ಬೇಕಾಗಲಿಲ್ಲ. ರಾಗಿ ತನ್ನಿಂದ ತಾನೇ ಕಾಳು ಕಟ್ಟುವ ಬೆಳೆಯಾದ್ದರಿಂದ ಒಬ್ಬ ರೈತನ ಕಣದ ರಾಗಿಯೇ ಇನ್ನೊಬ್ಬನಿಗೆ ಬೀಜ. ಸೇರು ಕೊಟ್ಟು ಸೇರು ಪಡೆಯುವ ವಿನಿಮಯದಲ್ಲಿಯೇ ಇಂಡಾಫ್ ತಮಿಳುನಾಡು, ಆಂಧ್ರದ ಗಡಿಯನ್ನೂ ದಾಟಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ತಪ್ಪಾದೀತು. ಇಂಡಾಫ್ ಬಂದ ಕಡೆ ಊರಿನ ಹಳೆಯ ರಾಗಿಗಳು ಒಂದೊಂದಾಗಿ ಹಿಂದೆ ಸರಿದವು. ಅವುಗಳ ಉದ್ದನೆಯ ಮೆದು ಹುಲ್ಲನ್ನು ಎತ್ತುಗಳು ಇಷ್ಟಪಟ್ಟು ತಿನ್ನುತ್ತಿದ್ದವು ಎಂದು ಹಳಬರು ನೆನೆಯುತ್ತಾರೆ. ಎರಡನೆಯದಾಗಿ, ವರ್ಷಗಳು ಕಳೆದಂತೆ ಬೆಂಕಿ ರೋಗ ಇಂಡಾಫ್-5 ಮತ್ತು 9ನ್ನೂ ಹಿಡಿಯಿತು. ಕುತ್ತಿಗೆಯಲ್ಲಿ ಕಪ್ಪಾಗಿ ತೆನೆ ಜೊಳ್ಳಾಗುವ ಆ ನೋವನ್ನು ಅನುಭವಿಸಿದ ರೈತರಿದ್ದಾರೆ. ರೋಗದ ಶಿಲೀಂಧ್ರವೂ ಬದಲಾಗುತ್ತ ಹೋಗುತ್ತದೆ, ಒಂದು ತಳಿ ಎಂದೆಂದಿಗೂ ಗೆಲ್ಲುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹೊಸ ರಕ್ತ ಬೇಕು.

ಆ ಹೊಸ ರಕ್ತ ಬಂದಾಗಲೂ ಲಕ್ಷ್ಮಣಯ್ಯನವರ ರಾಗಿಯೇ ತಾಯಿಯಾಗಿ ಕುಳಿತಿತ್ತು. 1990ರ ದಶಕದ ಕೊನೆಯಿಂದ ಇಂದಿನವರೆಗೆ ರಾಜ್ಯದ ಬಹುಪಾಲು ರಾಗಿ ಹೊಲಗಳಲ್ಲಿ ಹೆಸರು ಮಾಡಿದ ಜಿ.ಪಿ.ಯು.-28 ಬೆಂಕಿ ರೋಗವನ್ನು ಚೆನ್ನಾಗಿ ತಡೆಯುವ ತಳಿ. ಅದರ ವಂಶದಲ್ಲಿ ಇಂಡಾಫ್-5 ಇದೆ, ಇಂಡಾಫ್-9 ಇದೆ, ಜೊತೆಗೆ ಆಫ್ರಿಕದ ಇನ್ನೊಂದು ಬೀಜ. ಬರ ತಡೆಯುವ ಎಂ.ಎಲ್.-365ರಲ್ಲಿಯೂ ಇಂಡಾಫ್-5 ಇದೆ. ಮುದ್ದೆಗೆ ಈ ರಾಗಿ ಚೆನ್ನಾಗಿ ಒಗ್ಗುತ್ತದೆ ಎಂದು ಬಳಸಿದವರ ಮಾತು. ವಿ.ಸಿ. ಫಾರಂನಿಂದಲೇ ಮುಂದೆ ಕೆ.ಎಂ.ಆರ್.-301, ಕೆ.ಎಂ.ಆರ್.-204, ಬಿಳಿ ಕಾಳಿನ ಕೆ.ಎಂ.ಆರ್.-340 ಬಂದವು. ಆ ಎಂ. ಎಂದರೆ ಮಂಡ್ಯ.

ಮುದ್ದೆಯೊಳಗೆ ಏನಿದೆ

ಲಕ್ಷ್ಮಣಯ್ಯನವರ ಕಾಲದಲ್ಲಿ ಕೇಳುತ್ತಿದ್ದ ಪ್ರಶ್ನೆ ಎಕರೆಗೆ ಎಷ್ಟು ಎಂಬುದು. ಹೊಟ್ಟೆ ತುಂಬದ ಕಾಲದಲ್ಲಿ ಅದೇ ಸರಿಯಾದ ಪ್ರಶ್ನೆ. ಇಂದು ವೈದ್ಯರೂ ಆಹಾರ ವಿಜ್ಞಾನಿಗಳೂ ಕಾಳಿನೊಳಗೆ ಏನಿದೆ ಎಂದು ಕೇಳುತ್ತಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶ, ನಾಲ್ಕೂವರೆ ಮಿಲಿಗ್ರಾಂಗೂ ಮಿಗಿಲು ಕಬ್ಬಿಣ, 11 ಗ್ರಾಂ ನಾರು. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಣ್ಣದಂಶ ಸುಮಾರು 120 ಮಿಲಿಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ.

ಕಾಳಿನಲ್ಲಿ ಇದ್ದದ್ದೆಲ್ಲ ಮೈಗೆ ಹತ್ತುವುದಿಲ್ಲ ಎಂಬುದೂ ನಿಜ. ರಾಗಿಯ ಫೈಟೇಟ್ ಎಂಬ ವಸ್ತು ಸುಣ್ಣ ಮತ್ತು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ, ಹುಳಿ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಎಳೆಯ ಮಗುವಿಗೆ ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿ, ಹುರಿದು ಸರಿ ಮಾಡುತ್ತಿದ್ದ ಅಜ್ಜಿಯರು ಫೈಟೇಟಿನ ಹೆಸರು ಕೇಳದೆಯೇ ಅದರ ಮದ್ದು ಬಲ್ಲವರಾಗಿದ್ದರು. ರಾತ್ರಿ ಕದಡಿಟ್ಟ ಅಂಬಲಿಯ ಗುಟ್ಟೂ ಅದೇ. ಕಬ್ಬಿಣ ಮೈಗೆ ಹತ್ತಲು ಊಟದಲ್ಲಿ ನಿಂಬೆಹುಳಿಯೋ ನೆಲ್ಲಿಕಾಯಿಯೋ ಇದ್ದರೆ ಒಳಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಕಂಡುಬಂದಿತು. ರಾಗಿ ಬೆಳೆಯುವ ಮನೆಯ ಹೆಣ್ಣುಮಕ್ಕಳೂ ಆ ಲೆಕ್ಕದಲ್ಲಿ ಇದ್ದಾರೆ.

ಶಾಲೆಯ ಊಟದಲ್ಲಿ ಸಿರಿಧಾನ್ಯ ಇಟ್ಟರೆ ಏನಾಗುತ್ತದೆ ಎಂಬುದನ್ನು ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ನಮ್ಮ ರಾಜ್ಯದಲ್ಲಿಯೇ ಪರೀಕ್ಷಿಸಿದರು. ಬೆಂಗಳೂರಿನ ಹೊರವಲಯದ ಮಕ್ಕಳಿಗೆ ಮೂರು ತಿಂಗಳು ಅನ್ನದ ಬದಲು ರಾಗಿ ಇಡ್ಲಿ, ಸಾಮೆಯ ಬಿಸಿಬೇಳೆಬಾತ್ ಮುಂತಾದವನ್ನು ಕೊಟ್ಟರು. ಹಾಗೆ ಉಂಡ ಮಕ್ಕಳ ಬೆಳವಣಿಗೆ ಅನ್ನ ಉಂಡವರಿಗಿಂತ ಚೆನ್ನಾಗಿತ್ತು, ಮಕ್ಕಳು ರುಚಿಯನ್ನೂ ಒಪ್ಪಿದರು ಎಂದು 2019ರಲ್ಲಿ ಪ್ರಕಟಿಸಿದರು. 2024ರಲ್ಲಿ ರಾಜ್ಯದ ಶಾಲೆಗಳಲ್ಲಿ ಹಾಲಿನ ಜೊತೆಗೆ ರಾಗಿ ಮಾಲ್ಟ್ ಕೊಡುವ ಯೋಜನೆಯೂ ಆರಂಭವಾಯಿತು.

ಸಕ್ಕರೆ ಕಾಯಿಲೆಯವರಿಗೆ ರಾಗಿಯೇ ಔಷಧಿ ಎಂಬ ಮಾತು ಪೇಟೆಯಲ್ಲೂ ಹಳ್ಳಿಯಲ್ಲೂ ಓಡಾಡುತ್ತಿದೆ. ಇದರಲ್ಲಿ ಸ್ವಲ್ಪ ಎಚ್ಚರ ಬೇಕು. 11 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಸಿರಿಧಾನ್ಯಗಳನ್ನು ನಿತ್ಯವೂ ಉಣ್ಣುವ ಸಕ್ಕರೆ ಕಾಯಿಲೆಯವರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ನೂರಕ್ಕೆ 12ರಷ್ಟು ಇಳಿದಿತ್ತು. ಅದು ಎಲ್ಲ ಸಿರಿಧಾನ್ಯಗಳ ಒಟ್ಟು ಲೆಕ್ಕ, ರಾಗಿಯೊಂದರದ್ದಲ್ಲ. ರಾಗಿಯಲ್ಲೂ ಪಿಷ್ಟ ಬೇಕಾದಷ್ಟಿದೆ. ನುಣ್ಣಗೆ ಬೀಸಿ ಜರಡಿ ಹಿಡಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ಉಂಡು, ಮೈ ಬಗ್ಗಿಸದೆ ಕುಳಿತರೆ ಸಕ್ಕರೆ ಏರುತ್ತದೆ. ತಾತ ಎರಡು ಮುದ್ದೆ ಉಣ್ಣುತ್ತಿದ್ದದ್ದು ನಿಜ, ಆದರೆ ಆತ ನೇಗಿಲ ಹಿಂದೆ ನಡೆಯುತ್ತಿದ್ದ. ವೈದ್ಯರು ಬರೆದ ಮಾತ್ರೆ ಬಿಟ್ಟು ಮುದ್ದೆಯನ್ನು ನಂಬುವುದು ತರವಲ್ಲ.

ತಳಿವಿಜ್ಞಾನಿಗಳಿಗೆ ಇದರಲ್ಲಿ ಹೊಸ ಕೆಲಸ ಸಿಕ್ಕಿದೆ. ಒಂದು ರಾಗಿಗೂ ಇನ್ನೊಂದಕ್ಕೂ ಸುಣ್ಣದಂಶದಲ್ಲಿ ಎರಡು ಪಟ್ಟಿಗೂ ಮೀರಿದ ಅಂತರವಿದೆ. ಅಂದರೆ ಇಳುವರಿಗಾಗಿ ಆಯ್ದ ಹಾಗೆ ಸುಣ್ಣಕ್ಕಾಗಿಯೂ ಆಯ್ದು ಕೂಡಿಸಬಹುದು. 2020ರಲ್ಲಿ ಬಿಡುಗಡೆಯಾದ ಸಿ.ಎಫ್.ಎಂ.ವಿ.-1 ಅಥವಾ ಇಂದ್ರಾವತಿ ಎಂಬ ತಳಿಯಲ್ಲಿ 100 ಗ್ರಾಂಗೆ 428 ಮಿಲಿಗ್ರಾಂ ಸುಣ್ಣದಂಶ ಇದೆ. ಸರ್ಕಾರ 2025-26ನೇ ಸಾಲಿಗೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ಆದರೆ ಖರೀದಿ ಕೇಂದ್ರದಲ್ಲಿ ಸುಣ್ಣ ಹೆಚ್ಚಿರುವ ರಾಗಿಗೂ ಕಡಿಮೆ ಇರುವ ರಾಗಿಗೂ ಬೆಲೆ ಒಂದೇ. ಇದು ಬದಲಾಗದ ಹೊರತು ರೈತ ತೂಕವನ್ನೇ ನೋಡುತ್ತಾನೆ, ನೋಡಬೇಕಾದದ್ದೂ ಅದನ್ನೇ.

ಕೊನೆಯ ಪೀಳಿಗೆ

ಲಕ್ಷ್ಮಣಯ್ಯನವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದಿತು, ಹೊರಗಿನ ಗೌರವವೂ ಸಂದಿತು. 1993ರಲ್ಲಿ, 72ನೆಯ ವಯಸ್ಸಿನ ಹೊತ್ತಿಗೆ ಅವರು ತೀರಿಕೊಂಡರು. ಆಗ ಇಂಡಾಫ್ ಇನ್ನೂ ಊರೂರಿನ ಕಣದಲ್ಲಿ ಇತ್ತು, ಜಿ.ಪಿ.ಯು.-28 ಇನ್ನೂ ರೈತರಿಗೆ ಬಂದಿರಲಿಲ್ಲ.

ಅವರು ಹೋಗಿ 24 ವರ್ಷಗಳಾದ ಮೇಲೆ, 2017ರಲ್ಲಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮುಂದಾಗಿ ರಾಗಿಯ ಜೀವಕೋಶದಲ್ಲಿ ಬರೆದಿರುವ ಪೂರ್ತಿ ಜಾತಕವನ್ನು ಓದಿ ಪ್ರಕಟಿಸಿದರು. 85 ಸಾವಿರಕ್ಕೂ ಹೆಚ್ಚು ಜೀನ್‌ಗಳ ಲೆಕ್ಕ ಸಿಕ್ಕಿತು. ಬರ ತಡೆಯುವ ಗುಣ ಎಲ್ಲಿದೆ, ಸುಣ್ಣವನ್ನು ಕಾಳಿಗೆ ಸಾಗಿಸುವ ಗುಣ ಎಲ್ಲಿದೆ ಎಂಬುದರ ಸುಳಿವು ಸಿಕ್ಕಿತು. 2023ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ಆಫ್ರಿಕದ ರಾಗಿಯೊಂದರ ಜಾತಕವನ್ನು ಇನ್ನೂ ಸ್ಪಷ್ಟವಾಗಿ ಓದಿದರು. ಹೂವಿನ ಹೆಣ್ಣು ತುದಿಗೆ ನೇರಳೆ ಬಣ್ಣ ಕೊಡುವ ಜೀನ್ ಯಾವುದಿರಬಹುದೆಂದೂ ಅದರಲ್ಲಿ ತೋರಿಸಿದರು. ನೇರಳೆ ಗೆಣ್ಣು ಹುಡುಕುತ್ತ ಸಾಲಿನಲ್ಲಿ ಬಗ್ಗಿ ನಡೆದವರ ಕಣ್ಣಿಗೆ ಕಾಣುತ್ತಿದ್ದ ಗುರುತಿಗೆ ಈಗ ಯಂತ್ರವೂ ಗುರುತು ಹಾಕುತ್ತಿದೆ.

2017ರಲ್ಲಿ ಬೆಂಗಳೂರಿನವರು ಓದಲು ಆರಿಸಿಕೊಂಡ ರಾಗಿ ಯಾವುದೆಂದರೆ ಎಂ.ಎಲ್.-365. ಅದರ ಒಂದು ಕಡೆಯ ನೆಂಟು ಇಂಡಾಫ್-5, ಇಂಡಾಫ್-5ರ ಒಂದು ಕಡೆಯ ನೆಂಟು ಕಾವೇರಿ. ಮಂಡ್ಯದ ನಾಲೆಯ ಅಂಚಿನಲ್ಲಿ ಕಟ್ಟಿದ ತೆನೆಯ ಮೊಮ್ಮಗ ಅದು.